ಕುಡಿತ ಬಿಡಿಸಲು ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಮದ್ಯ, ಗಾಂಜಾ, ಮಾತ್ರೆಗಳ ಚಟಕ್ಕೆ ನಮ್ಮ ಸುತ್ತಮುತ್ತ ಸಿಗುವ ಚಿಕಿತ್ಸೆಯ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ವ್ಯಸನ ಚಿಕಿತ್ಸೆಯಲ್ಲಿ ಪಳಗಿದವರು ಉತ್ತರ ಬರೆದಿದ್ದಾರೆ. ಪತ್ರ ಬರೆದವರ ಹೆಸರು ಕೈಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಯಜಮಾನರು ದಿನಕ್ಕೆ ಮೂರು ಕ್ವಾರ್ಟರ್ ಕುಡಿಯುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ, ಒಂದು ನೈಂಟಿ ಹಾಕಿದ ಮೇಲೆಯೇ ಚಹಾ ಲೋಟ ಹಿಡಿಯಲು ಆಗುವುದು. ಈ ಸಲ ಅವರೇ ಬಿಡುತ್ತೇನೆ ಅಂದಿದ್ದಾರೆ. ನಾಲ್ಕು ದಿನ ರೂಮಿನಲ್ಲಿ ಕೂಡಿಹಾಕಿ ಗಂಜಿ, ಮಜ್ಜಿಗೆ ಕೊಟ್ಟರೆ ಸಾಕು, ಆಸ್ಪತ್ರೆ ಯಾಕೆ ಅನ್ನುತ್ತಾರೆ ಅತ್ತೆ. ಹಾಗೆ ಮಾಡಬಹುದೇ?
— ಹಾವೇರಿ ಜಿಲ್ಲೆಯ ಓದುಗರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅವರು ಬಿಡುತ್ತೇನೆ ಅಂದದ್ದು ದೊಡ್ಡ ಮಾತು. ಆ ಮಾತು ಉಳಿಯಬೇಕಾದರೆ ಮೊದಲ ನಾಲ್ಕೈದು ದಿನ ವೈದ್ಯರ ಕಣ್ಣೆದುರಿಗೇ ಕಳೆಯಬೇಕು.

ಲೆಕ್ಕ ನೋಡಿ. ಮೂರು ಕ್ವಾರ್ಟರ್ ಅಂದರೆ 540 ಮಿಲಿ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. 30 ಮಿಲಿಗೆ ಸುಮಾರು 10 ಗ್ರಾಂ ಆಯಿತು. ಹಾಗಾಗಿ ನಿಮ್ಮ ಯಜಮಾನರ ಮೈಗೆ ದಿನಕ್ಕೆ ಸುಮಾರು 180 ಗ್ರಾಂ ಶುದ್ಧ ಆಲ್ಕೋಹಾಲ್ ಸೇರುತ್ತಿದೆ. ಆಲ್ಕೋಹಾಲ್ ಮಿದುಳನ್ನು ಮಂಕುಗೊಳಿಸುತ್ತದೆ. ವರ್ಷಗಟ್ಟಲೆ ಕುಡಿದವರ ಮಿದುಳು ಆ ಮಂಕಿಗೆ ಎದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಹಗ್ಗ ಕೈಬಿಟ್ಟರೆ ಇನ್ನೊಂದು ಕಡೆಯವರು ಬಿದ್ದುಹೋಗುತ್ತಾರಲ್ಲ, ಮದ್ಯವನ್ನು ಒಮ್ಮೆಲೇ ನಿಲ್ಲಿಸಿದಾಗ ಆಗುವುದೂ ಅದೇ.

ಕೊನೆಯ ಗುಟುಕು ಕುಡಿದು 6ರಿಂದ 12 ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುವ ಅಪಾಯ ಹೆಚ್ಚು. ಕೆಲವರಿಗೆ ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿಯುತ್ತದೆ. ಮನೆಯವರ ಗುರುತು ಸಿಗುವುದಿಲ್ಲ, ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಜ್ವರ ಬರುತ್ತದೆ, ಎದೆಬಡಿತ ಏರುತ್ತದೆ. ಈ ಸನ್ನಿಗೆ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ರೂಮಿನ ಬಾಗಿಲು ಹಾಕಿದ್ದರೆ ಫಿಟ್ಸ್ ಬಂದದ್ದು ಯಾರಿಗೂ ತಿಳಿಯುವುದಿಲ್ಲ.

ಹಾಗಂತ ಕುಡಿಯುವ ಎಲ್ಲರೂ ಅಡ್ಮಿಟ್ ಆಗಲೇಬೇಕೆಂದಿಲ್ಲ. ಕಡಿಮೆ ಕುಡಿಯುವವರು, ಹಿಂದೆ ಬಿಟ್ಟಾಗ ತೊಂದರೆ ಆಗದಿದ್ದವರು, ಮನೆಯಲ್ಲಿ ಹಗಲು ರಾತ್ರಿ ನೋಡಿಕೊಳ್ಳುವವರು ಇರುವವರು ವೈದ್ಯರು ಕೊಟ್ಟ ಮಾತ್ರೆಯ ಮೇಲೆ ಮನೆಯಲ್ಲೇ ಬಿಡಬಹುದು. ದಿನವೂ ಒಮ್ಮೆ ಹೋಗಿ ತೋರಿಸಿ ಬಂದರೆ ಆಯಿತು. ಆದರೆ ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದಿದ್ದರೆ, ಕಾಮಾಲೆ, ರಕ್ತವಾಂತಿ, ಹೃದಯದ ಕಾಯಿಲೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೆ, ಜೊತೆಗೆ ನಿದ್ದೆಮಾತ್ರೆಯ ಅಭ್ಯಾಸವೂ ಇದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ವಯಸ್ಸಾಗಿದ್ದರೆ ವಾರ್ಡೇ ಸರಿ. ನಿಮ್ಮ ಯಜಮಾನರ ಪ್ರಮಾಣ ಮತ್ತು ಬೆಳಗಿನ ನಡುಕ ನೋಡಿದರೆ ಅವರೂ ಅಡ್ಮಿಟ್ ಆಗಬೇಕಾದವರೇ.

ವಾರ್ಡಿನಲ್ಲಿ ನರ್ಸ್ ಬಂದು ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಲು ಹೇಳುತ್ತಾರೆ, ನಡುಕ ಎಷ್ಟಿದೆ ನೋಡುತ್ತಾರೆ. ಅಂಗೈ ಮತ್ತು ಹಣೆಯ ಬೆವರು ನೋಡುತ್ತಾರೆ. ಇವತ್ತು ಯಾವ ವಾರ, ಇದು ಯಾವ ಊರು ಎಂದು ಕೇಳುತ್ತಾರೆ. ವಾಕರಿಕೆ, ತಲೆನೋವು, ಗಾಬರಿ, ಇಲ್ಲದ್ದು ಕಾಣುವುದು, ಕೇಳುವುದು ಹೀಗೆ 10 ಅಂಶಗಳಿಗೆ ಅಂಕ ಕೊಡುವ ಪಟ್ಟಿ ಅದು. ಅಂಕ ಏರಿದರೆ ಔಷಧಿ ಏರುತ್ತದೆ. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್, ಲಿವರ್ ಕೆಟ್ಟಿದ್ದರೆ ಲೋರಾಜೆಪಾಮ್ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ವಾರದಲ್ಲಿ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಇಲ್ಲಿ ಒಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ: ಡಿಸ್ಚಾರ್ಜ್ ಆದ ಮೇಲೆ ನಿದ್ದೆ ಬರುತ್ತಿಲ್ಲ ಎಂದು ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತಂದು ನುಂಗುತ್ತಾರೆ. ಅದು ಹೊಸ ಚಟವಾಗುತ್ತದೆ, ಅದರ ಮೇಲೆ ಕುಡಿದರೆ ಉಸಿರಾಟವೇ ಕುಂದಬಹುದು. ಆ ಮಾತ್ರೆಗಳು ನಿಮ್ಮ ಕೈಯಲ್ಲಿರಲಿ, ಉಳಿದದ್ದನ್ನು ವಾಪಸ್ ಕೊಡಿ.

ಇನ್ನೊಂದು ಮಾತು, ಇದನ್ನು ಮನೆಯವರೆಲ್ಲ ನೆನಪಿಡಬೇಕು. ಸುಸ್ತಾಗಿದೆ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಡ್ರಿಪ್ ಹಾಕಿಸುವ ರೂಢಿ ಇದೆ. ತುಂಬ ಕುಡಿಯುವವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಗ್ಲೂಕೋಸನ್ನು ಬಳಸಿಕೊಳ್ಳಲು ದೇಹಕ್ಕೆ ಅದೇ ಬೇಕು. ಥಯಾಮಿನ್ ಕೊಡದೆ ಗ್ಲೂಕೋಸ್ ಹರಿಸಿದರೆ ಉಳಿದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಗೊಂದಲ, ಕಣ್ಣುಗುಡ್ಡೆ ಸರಿಯಾಗಿ ತಿರುಗದಿರುವುದು, ತೂರಾಡುವ ನಡಿಗೆ ಇದರ ಲಕ್ಷಣ. ಕುಡಿದದ್ದು ಇಳಿದಿಲ್ಲ ಎಂದು ಜನ ಸುಮ್ಮನಿದ್ದುಬಿಡುತ್ತಾರೆ. ತಡವಾದರೆ ಮರೆವು ಶಾಶ್ವತವಾಗಿ ಉಳಿಯಬಹುದು. “ಬಿ1 ಇಂಜೆಕ್ಷನ್ ಕೊಟ್ಟಿದ್ದೀರಾ?” ಎಂದು ಕೇಳಲು ಸಂಕೋಚ ಬೇಡ. ಕುಡಿತದಿಂದ ಕೆಟ್ಟ ಹೊಟ್ಟೆ ಮಾತ್ರೆಯನ್ನು ಸರಿಯಾಗಿ ಹೀರುವುದಿಲ್ಲ, ಅದಕ್ಕೇ ಮೊದಲ ದಿನಗಳಲ್ಲಿ ಇಂಜೆಕ್ಷನ್.

ಎಲ್ಲಿಗೆ ಹೋಗುವುದು? ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ ಮೊದಲ ಬಾಗಿಲು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನೂ ಅಲ್ಲೇ ವಿಚಾರಿಸಿ. ಇಡೀ ದೇಶಕ್ಕೆ ಮಾದರಿಯಾದ ಆ ಕಾರ್ಯಕ್ರಮ ಹುಟ್ಟಿದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ಏರ್ಪಾಟಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ನಿಮಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಕೂಡ ದೂರವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ, ತೊಡಕಿನ ಪ್ರಕರಣಗಳಿಗೆ ಅದು ಒಳ್ಳೆಯ ಜಾಗ. ಆದರೂ ಹತ್ತಿರದ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ವರ್ಷವಿಡೀ ಓಡಾಡಬೇಕಾದ ಚಿಕಿತ್ಸೆ ಇದು. ಒಂದು ಭೇಟಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು ಹೋಗುವುದಾದರೆ ಮೂರನೇ ಭೇಟಿಗೇ ನಿಂತುಹೋಗುತ್ತದೆ.

ಹೋಗುವಾಗ ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ತೆಗೆದುಕೊಂಡು ಹೋಗಿ. ಕೊನೆಗೆ ಕುಡಿದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಳ್ಳಿ. ವೈದ್ಯರು ನೋಡುವ ತನಕ ಒಮ್ಮೆಲೇ ನಿಲ್ಲಿಸಲು ಒತ್ತಾಯಿಸಬೇಡಿ. ದಾರಿಯಲ್ಲಿ ಫಿಟ್ಸ್ ಬಂದೀತು.

ಪ್ರಶ್ನೆ: ಊಟದಲ್ಲಿ ಗೊತ್ತಾಗದಂತೆ ಬೆರೆಸಿದರೆ ಕುಡಿತ ಬಿಟ್ಟುಹೋಗುತ್ತದೆ ಎಂದು ಪುಡಿ ಮಾರುವವರ ಜಾಹೀರಾತು ನೋಡಿದೆ. ಅಣ್ಣನಿಗೆ ಹಾಕಬಹುದೇ?
— ತುಮಕೂರಿನ ಓದುಗರು

ಉತ್ತರ: ಬೇಡವೇ ಬೇಡ. ಅಂಥ ಪುಡಿಯಲ್ಲಿ ಏನಿದೆಯೆಂದು ನಿಮಗೆ ತಿಳಿಯುವ ದಾರಿಯೇ ಇಲ್ಲ. ಡೈಸಲ್ಫಿರಾಮ್ ಬೆರೆಸಿದ್ದರಂತೂ ನೇರ ಅಪಾಯ. ಈ ಔಷಧಿ ಮೈಯಲ್ಲಿದ್ದಾಗ ಮದ್ಯ ಬಿದ್ದರೆ ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ಶೇಖರವಾಗುತ್ತದೆ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಿದ್ದವರಿಗೆ ಪ್ರಾಣಾಪಾಯ. ತಾನು ಇದನ್ನು ನುಂಗಿದ್ದೇನೆ ಎಂಬ ಅರಿವಿದ್ದರೆ ಮನುಷ್ಯ ಕುಡಿಯಲು ಹೆದರುತ್ತಾನೆ, ಔಷಧಿ ಕೆಲಸ ಮಾಡುವುದೇ ಆ ಅರಿವಿನಿಂದ. ಗೊತ್ತಿಲ್ಲದೆ ಕೊಟ್ಟರೆ ಆ ಹೆದರಿಕೆ ಎಲ್ಲಿಂದ ಬರಬೇಕು? ಎಂದಿನಂತೆ ಕುಡಿಯುತ್ತಾನೆ, ರಸ್ತೆಯಲ್ಲಿ ಬೀಳುತ್ತಾನೆ.

ಒಪ್ಪಿಗೆಯಿಂದ, ಪರೀಕ್ಷೆ ಮಾಡಿಸಿ, ಮನೆಯವರೊಬ್ಬರು ಎದುರಿಗೆ ನಿಂತು ನುಂಗಿಸಿದರೆ ಡೈಸಲ್ಫಿರಾಮ್ ಒಳ್ಳೆಯ ಔಷಧಿಯೇ. ಸಾಮಾನ್ಯವಾಗಿ ದಿನಕ್ಕೆ 250 ಮಿಲಿಗ್ರಾಂ ಬರೆಯುತ್ತಾರೆ. ನಿಲ್ಲಿಸಿದ ಮೇಲೂ ಎರಡು ವಾರ ಅದರ ಪ್ರಭಾವ ಇರಬಹುದು, ಹಾಗಾಗಿ ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್, ಅರಿಷ್ಟಗಳನ್ನೂ ದೂರವಿಡಬೇಕು. ಅಣ್ಣನಿಗೆ ಹೊಂದುವ ಬೇರೆ ಔಷಧಿಗಳೂ ಇವೆ. ನಾಲ್ಟ್ರೆಕ್ಸೋನ್ ದಿನಕ್ಕೆ 50 ಮಿಲಿಗ್ರಾಂ: ಇದು ಕುಡಿತದ ಮಜಾ ಕಡಿಮೆ ಮಾಡುತ್ತದೆ, ಮೇಲೆ ಕುಡಿದರೂ ಡೈಸಲ್ಫಿರಾಮ್‌ನಂಥ ಪ್ರತಿಕ್ರಿಯೆ ಇಲ್ಲ. ಲಿವರ್ ತೀರಾ ಕೆಟ್ಟವರಿಗೆ, ನೋವಿಗೆಂದು ಓಪಿಯಾಯ್ಡ್, ಅಂದರೆ ಅಫೀಮಿನಂತೆ ಕೆಲಸ ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಆಗದು. ಅಕಾಂಪ್ರೊಸೇಟ್ 333 ಮಿಲಿಗ್ರಾಂನ ಎರಡೆರಡು ಮಾತ್ರೆ ದಿನಕ್ಕೆ ಮೂರು ಹೊತ್ತು. ಲಿವರ್‌ಗೆ ಹೊರೆಯಲ್ಲ, ಆದರೆ ಕಿಡ್ನಿ ಪರೀಕ್ಷೆ ಮಾಡಿಸಿಯೇ ಕೊಡಬೇಕು. ದಿನಕ್ಕೆ ಆರು ಮಾತ್ರೆ ಎಂದು ಬೇಸತ್ತು ಮಧ್ಯಾಹ್ನದ್ದನ್ನು ಬಿಡುವವರೇ ಹೆಚ್ಚು. ಡಬ್ಬಿ ಕೆಲಸದ ಜಾಗಕ್ಕೂ ಹೋಗಲಿ.

ಪ್ರಶ್ನೆ: ಖಾಸಗಿ ಕೇಂದ್ರವೊಂದರವರು “ನೀವು ಅಡ್ರೆಸ್ ಕೊಡಿ ಸಾಕು, ರಾತ್ರಿ ವ್ಯಾನ್ ತಂದು ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ, ಆಮೇಲೆ ಗಂಟಲಿಗೆ ಹನಿ ಮುಟ್ಟುವುದಿಲ್ಲ” ಅನ್ನುತ್ತಿದ್ದಾರೆ. ತಮ್ಮನಿಗೆ 34 ವರ್ಷ. ನಾವು ಸೋತಿದ್ದೇವೆ. ಕಳಿಸಬಹುದೇ?
— ಮೈಸೂರಿನ ಓದುಗರು

ಉತ್ತರ: ಸೋತ ಮನೆಯ ಕಷ್ಟ ಅರ್ಥವಾಗುತ್ತದೆ. ಆದರೆ ಅವರು ಕೊಡುತ್ತಿರುವ ಭರವಸೆಗಳ ಪಟ್ಟಿಯಲ್ಲೇ ಕಾನೂನು ಮುರಿಯುವ ಸಂಗತಿಗಳಿವೆ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಅಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆ ಆ ಕಾಯ್ದೆಯಡಿ ನೋಂದಣಿ ಆಗಿರಬೇಕು. ವಯಸ್ಕ ಮನುಷ್ಯ ತಾನೇ ಒಪ್ಪಿ ದಾಖಲಾದರೆ, ಹೋಗುತ್ತೇನೆ ಎಂದಾಗ ಬಿಡಬೇಕು. ಅಪಾಯವಿದೆ ಎನಿಸಿದರೆ ಪರೀಕ್ಷೆಗೆಂದು ಹೆಚ್ಚೆಂದರೆ 24 ಗಂಟೆ ತಡೆಯಬಹುದು. ಒಪ್ಪದವರನ್ನು ದಾಖಲಿಸಿಕೊಳ್ಳಲು 89ನೇ ಕಲಂ ಇದೆ. ಇತ್ತೀಚೆಗೆ ಜೀವ ಕಳೆದುಕೊಳ್ಳಲು ಹೋಗಿದ್ದರೆ, ಬೇರೆಯವರ ಮೇಲೆ ಕೈ ಮಾಡುತ್ತಿದ್ದರೆ ಅಥವಾ ತನಗೇ ಅಪಾಯವಾಗುವಷ್ಟು ತನ್ನ ಆರೈಕೆ ತಾನು ಮಾಡಿಕೊಳ್ಳಲಾಗದಿದ್ದರೆ ಮಾತ್ರ ಅದು ಅನ್ವಯ. ಒಬ್ಬ ಮನೋವೈದ್ಯರೂ ಇನ್ನೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ತಜ್ಞರೋ ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಅವಧಿ 30 ದಿನ ಮೀರುವಂತಿಲ್ಲ, ಮುಂದುವರಿಸಲು ಬೇರೆ ಕ್ರಮವಿದೆ. ದಾಖಲಾದ 7 ದಿನದೊಳಗೆ, ಮಹಿಳೆಯಾದರೆ 3 ದಿನದೊಳಗೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರಾತ್ರಿ ವ್ಯಾನಿನಲ್ಲಿ ಎತ್ತಿಕೊಂಡು ಹೋಗುವವರು ಇದರಲ್ಲಿ ಯಾವುದನ್ನು ಪಾಲಿಸುತ್ತಾರೆ, ಕೇಳಿ ನೋಡಿ.

ಅದೇ ಕಾಯ್ದೆ ಸರಪಳಿ ಹಾಕುವುದನ್ನು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನು ನಿಷೇಧಿಸಿದೆ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಬಲವಂತದ ದುಡಿಮೆ ಮಾಡಿಸುವಂತಿಲ್ಲ. ಫೋನ್ ಮತ್ತು ಭೇಟಿಯನ್ನು ರೋಗಿಯ ಹಕ್ಕು ಎಂದಿದೆ. ಹೊರಗಿನವರು ನೋಡಬಾರದ್ದು ಒಳಗೆ ನಡೆಯುವ ಜಾಗಕ್ಕೇ ಮೂರು ತಿಂಗಳ ಮೌನ ಬೇಕಾಗುತ್ತದೆ.

ಯಾವ ಕೇಂದ್ರವೇ ಆಗಲಿ, ಹಣ ಕಟ್ಟುವ ಮೊದಲು ಖುದ್ದಾಗಿ ಹೋಗಿ. ನೋಂದಣಿ ಪತ್ರ ತೋರಿಸಲು ಹೇಳಿ, ಅದರ ಮೇಲಿನ ಅವಧಿ ಮುಗಿದಿದೆಯೇ ನೋಡಿ. ಮನೋವೈದ್ಯರು ಯಾರು, ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ಕೇಳಿ. ಮೊದಲ ವಾರ ಯಾವ ಔಷಧಿ ಕೊಡುತ್ತೀರಿ ಎಂಬ ಪ್ರಶ್ನೆಗೆ “ನಮ್ಮಲ್ಲಿ ಔಷಧಿಯೇ ಇಲ್ಲ, ಬರೀ ಶಿಸ್ತು” ಎಂಬ ಉತ್ತರ ಬಂದರೆ ಎದ್ದು ಬನ್ನಿ. ಮಲಗುವ ಕೋಣೆ, ಶೌಚಾಲಯ, ಅಡುಗೆಮನೆ ತೋರಿಸಲು ಹಿಂಜರಿದರೂ ಅಷ್ಟೇ. ಡಿಸ್ಚಾರ್ಜ್ ಆದ ಮೇಲೆ ಏನು ಮಾಡುತ್ತೀರಿ ಎಂಬುದು ಕೊನೆಯ ಪ್ರಶ್ನೆ, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯದ ನೆರವಿನಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಇವೆ. 14446ಕ್ಕೆ ಕರೆ ಮಾಡಿದರೆ ಹತ್ತಿರದ್ದು ಯಾವುದೆಂದು ಹೇಳುತ್ತಾರೆ.

ಈಗಾಗಲೇ ಯಾರನ್ನಾದರೂ ಅಂಥ ಕಡೆ ಬಿಟ್ಟಿದ್ದು ಮಾತನಾಡಲು ಬಿಡುತ್ತಿಲ್ಲವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಂಡಳಿಗೆ ಅರ್ಜಿ ಹಾಕಲು ಉಚಿತ ನೆರವು ಸಿಗುತ್ತದೆ.

ಪ್ರಶ್ನೆ: ಮಗನಿಗೆ 22. ಗಾಂಜಾ ಸೇದುತ್ತಾನೆಂದು ಗೊತ್ತಿತ್ತು. ಈಗ ನೋವಿನ ಮಾತ್ರೆ ಪುಡಿ ಮಾಡಿ ಸಿರಿಂಜಿನಲ್ಲಿ ಚುಚ್ಚಿಕೊಳ್ಳುತ್ತಿದ್ದಾನೆಂದು ಅವನ ಗೆಳೆಯ ಹೇಳಿದ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದಾ?
— ದಕ್ಷಿಣ ಕನ್ನಡದ ಓದುಗರು

ಉತ್ತರ: ಪೊಲೀಸರ ಭಯದಿಂದ ಚಿಕಿತ್ಸೆ ತಡ ಮಾಡಬೇಡಿ. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಮಾದಕ ವಸ್ತು ತಡೆಯ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೂ 64ಎ ಎಂಬ ಕಲಂ ಇದೆ. ವ್ಯಸನಿಯ ಮೇಲೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣ ಇದ್ದು, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಆ ಪ್ರಕರಣದ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ಆ ರಕ್ಷಣೆ ವಾಪಸ್ ಹೋಗಬಹುದು, ಹಾಗಾಗಿ ಪ್ರತಿ ಭೇಟಿಯ ಚೀಟಿ ಜೋಪಾನ. ಅಲ್ಪ ಪ್ರಮಾಣ ಅಂದರೆ ಗಾಂಜಾಕ್ಕೆ 1 ಕಿಲೋ, ಹೆರಾಯಿನ್‌ಗೆ 5 ಗ್ರಾಂ ವರೆಗೆ. ಪ್ರಕರಣ ಆಗಲೇ ದಾಖಲಾಗಿದ್ದರೆ ವಕೀಲರಿಗೆ ಈ ಕಲಮಿನ ಹೆಸರು ಹೇಳಿ.

ಇಲ್ಲಿ ಗಾಂಜಾಕ್ಕಿಂತ ತುರ್ತಾದದ್ದು ಆ ಮಾತ್ರೆ. ಮಾತ್ರೆಯ ಖಾಲಿ ಸ್ಟ್ರಿಪ್ ಸಿಕ್ಕರೆ ಎಸೆಯದೆ ವೈದ್ಯರಿಗೆ ತೋರಿಸಿ. ಟಪೆಂಟಡಾಲ್, ಟ್ರಮಡಾಲ್‌ನಂಥವು ಓಪಿಯಾಯ್ಡ್ ಜಾತಿಯವು. ಇವನ್ನು ಬಿಟ್ಟಾಗ ಮೈಕೈ ನೋವು, ಆಕಳಿಕೆ, ಮೂಗು ಸೋರುವುದು, ಭೇದಿ, ನಿದ್ದೆಗೇಡು ಒಂದು ವಾರ ಕಾಡುತ್ತವೆ. ಮದ್ಯದಷ್ಟು ಪ್ರಾಣಾಂತಿಕವಲ್ಲ, ಸಹಿಸಲು ಮಾತ್ರ ಬಲು ಕಷ್ಟ, ಅದಕ್ಕೇ ಮನೆಯಲ್ಲಿ ಬಿಡುವ ಪ್ರಯತ್ನ ಮುರಿದು ಬೀಳುತ್ತದೆ. ನಾಲಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಇದಕ್ಕೆ ಪರಿಣಾಮಕಾರಿ. ಚಟ ಬಿಟ್ಟಾಗಿನ ಈ ಲಕ್ಷಣಗಳು ಕಾಣಿಸಿಕೊಂಡ ಮೇಲೆಯೇ ಅದನ್ನು ಶುರು ಮಾಡಬೇಕು. ಮುಂಚೆಯೇ ಕೊಟ್ಟರೆ ಲಕ್ಷಣಗಳು ಒಮ್ಮೆಲೇ ಉಕ್ಕುತ್ತವೆ. “ಒಂದು ಚಟಕ್ಕೆ ಇನ್ನೊಂದು ಚಟ” ಎಂದು ನೆಂಟರು ಹೇಳಬಹುದು. ಕಿವಿಗೊಡಬೇಡಿ. ಅಳತೆ ಮಾಡಿ ಕೊಡುವ ಈ ಔಷಧಿಯಿಂದ ಚುಚ್ಚಿಕೊಳ್ಳುವುದು ನಿಲ್ಲುತ್ತದೆ, ಓದು, ಕೆಲಸ ಮುಂದುವರಿಯುತ್ತದೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕಾಗಬಹುದು. ಸಿರಿಂಜು ಹಂಚಿಕೊಂಡಿರುವ ಸಾಧ್ಯತೆ ಇರುವುದರಿಂದ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಮಾಡಿಸಿ. ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಚುಚ್ಚಿಕೊಳ್ಳುವವರಿಗೆಂದೇ ಇದೇ ಔಷಧಿ ಕೊಡುವ ಕೇಂದ್ರಗಳಿವೆ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ತುಂಬ ಜನಕ್ಕೆ ತಿಳಿಯದ ಅಪಾಯವೊಂದಿದೆ. ಕೆಲವು ವಾರ ಬಿಟ್ಟ ಮೇಲೆ ದೇಹದ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ. ಆಗ ಹಳೆಯ ಪ್ರಮಾಣವನ್ನೇ ಚುಚ್ಚಿಕೊಂಡರೆ ಉಸಿರು ನಿಂತುಹೋಗುತ್ತದೆ. ಕರೆದರೆ ಎಚ್ಚರಾಗದಿರುವುದು, ಉಸಿರು ತೀರಾ ನಿಧಾನವಾಗುವುದು, ತುಟಿ ನೀಲಿಯಾಗುವುದು, ಕಣ್ಣಿನ ಪಾಪೆ ಗುಂಡುಸೂಜಿ ತಲೆಯಷ್ಟು ಚಿಕ್ಕದಾಗುವುದು ಕಂಡರೆ ತಕ್ಷಣ 108. ಪಕ್ಕಕ್ಕೆ ಮಲಗಿಸಿ, ಒಂಟಿಯಾಗಿ ಬಿಡಬೇಡಿ, ಏನು ಚುಚ್ಚಿಕೊಂಡಿದ್ದಾನೆಂದು ಆಂಬುಲೆನ್ಸಿನವರಿಗೆ ಮುಚ್ಚಿಡದೆ ಹೇಳಿ. ನಾಲೊಕ್ಸೋನ್ ಇಂಜೆಕ್ಷನ್ ಸಮಯಕ್ಕೆ ಸಿಕ್ಕರೆ ನಿಮಿಷಗಳಲ್ಲಿ ಉಸಿರು ಮರಳುತ್ತದೆ.

ಪ್ರಶ್ನೆ: ಅಪ್ಪ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದರು. ಎರಡು ತಿಂಗಳು ಚೆನ್ನಾಗಿದ್ದರು, ಊರ ಜಾತ್ರೆಯಲ್ಲಿ ಮತ್ತೆ ಕುಡಿದರು. ಈಗ ಯಾರ ಮುಖವನ್ನೂ ನೋಡುತ್ತಿಲ್ಲ. ಎಲ್ಲ ವ್ಯರ್ಥವಾಯಿತೇ?
— ಉತ್ತರ ಕನ್ನಡದ ಓದುಗರು

ಉತ್ತರ: ಇಲ್ಲಮ್ಮ, ಎರಡು ತಿಂಗಳು ಬಿಟ್ಟಿದ್ದವರು ಮತ್ತೆ ಬಿಡಬಲ್ಲರು. ಈಗ ದಿನಗಳು ಮುಖ್ಯ. ನಾಚಿಕೆಯಿಂದ ಮಾತ್ರೆಯನ್ನೂ ಭೇಟಿಯನ್ನೂ ನಿಲ್ಲಿಸಿದಾಗಲೇ ಒಂದು ದಿನದ ಕುಡಿತ ಹಳೆಯ ಕುಡಿತವಾಗಿ ಬೆಳೆಯುವುದು. ಇದೇ ವಾರ ಕರೆದುಕೊಂಡು ಹೋಗಿ. ದಿನವೂ ಕುಡಿಯಲು ಶುರು ಮಾಡಿದ್ದರೆ ಮೊದಲ ಉತ್ತರದಲ್ಲಿ ಹೇಳಿದ ಎಚ್ಚರಿಕೆ ಇಲ್ಲಿಗೂ ಅನ್ವಯ. ಪ್ರತಿ ಸಲ ಬಿಟ್ಟು ಹಿಡಿದಾಗಲೂ ಫಿಟ್ಸ್‌ನ ಅಪಾಯ ಏರುತ್ತಾ ಹೋಗುತ್ತದೆ.

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಶಿಬಿರಗಳು ಹಳ್ಳಿಗಳವರೆಗೂ ಬಂದಿವೆ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳೂ ಇವೆ. ಆ ಸಮಿತಿಗೆ ಹೋಗುವುದನ್ನು ಅಪ್ಪ ಬಿಟ್ಟಿದ್ದರೇ ಎಂದು ವಿಚಾರಿಸಿ. ಎಂಟು ದಿನದಲ್ಲಿ ಮೈಯಿಂದ ಮದ್ಯ ಇಳಿಯುತ್ತದೆ, ಮನಸ್ಸು ಗಟ್ಟಿಯಾಗುತ್ತದೆ. ನಿದ್ದೆ ಸರಿಹೋಗಲು ವಾರಗಳೇ ಬೇಕು, ಸಂಜೆಯಾದೊಡನೆ ಏಳುವ ತುಡಿತ ಸಡಿಲವಾಗಲು ತಿಂಗಳುಗಳು. ಹಾಗಾಗಿ ಮೊದಲ ತಿಂಗಳು ವಾರಕ್ಕೊಮ್ಮೆ, ಮುಂದೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಎಂದು ವರ್ಷ ತುಂಬುವವರೆಗೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ತುಡಿತ ಕಡಿಮೆ ಮಾಡುವ ಔಷಧಿಯನ್ನು ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷ ಕೊಡುತ್ತಾರೆ. ಶಿಬಿರಕ್ಕೆ ಹೋದವರು ಔಷಧಿ ತೆಗೆದುಕೊಳ್ಳಬಾರದು ಎಂಬ ನಿಯಮವೇನಿಲ್ಲ, ಎರಡೂ ಜೊತೆಗಿದ್ದರೆ ಒಳ್ಳೆಯದು.

ಜಾತ್ರೆಯ ದಿನ ಏನಾಯಿತೆಂದು ಬೈಯದೆ ಕೂತು ಕೇಳಿ. ಯಾರ ಜೊತೆ, ಎಷ್ಟು ಹೊತ್ತಿಗೆ, ಊಟ ಆಗಿತ್ತೇ, ಕೈಯಲ್ಲಿ ದುಡ್ಡೆಷ್ಟಿತ್ತು. ಉತ್ತರ ಸಿಕ್ಕರೆ ಮುಂದಿನ ಜಾತ್ರೆಗೆ, ಮದುವೆಗೆ, ಬಟವಾಡೆಯ ದಿನಕ್ಕೆ ಏನು ಮಾಡಬೇಕೆಂಬುದೂ ಸಿಗುತ್ತದೆ: ಹೊಟ್ಟೆ ತುಂಬ ಉಂಡು ಹೋಗುವುದು, ಕುಡಿಯದ ಒಬ್ಬರು ಜೊತೆಗಿರುವುದು, ಕತ್ತಲಾಗುವ ಮುನ್ನ ಹೊರಡುವುದು. ತುಡಿತ ಎದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಅಷ್ಟು ಹೊತ್ತು ಮಾತಾಡಲು ಒಬ್ಬರ ಫೋನ್ ನಂಬರ್ ಜೇಬಿನಲ್ಲಿರಲಿ. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ ಅಂಥವರು ಸಿಗುತ್ತಾರೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಬಿಡುವ ಆಸೆ ಇದ್ದರೆ ಸಾಕು. ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಗುಂಪಿದೆ. ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನೇ ಕುಡಿಯುತ್ತೇನೆ. ಜೊತೆಗೆ ನಾಲ್ಕು ವರ್ಷದಿಂದ ನಿದ್ದೆಮಾತ್ರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೆಂಗಸು ಹೀಗೆಂದು ಆಸ್ಪತ್ರೆಯಲ್ಲಿ ಹೇಗೆ ಹೇಳಲಿ?
— ಬೆಂಗಳೂರಿನ ಓದುಗರು

ಉತ್ತರ: ನೀವು ಬರೆದದ್ದೇ ಧೈರ್ಯದ ಕೆಲಸ. ನಿಮ್ಮಂಥವರು ತುಂಬ ಮಂದಿ ಇದ್ದಾರೆ, ಮುಚ್ಚಿಡುವುದರಿಂದ ತಡವಾಗಿ ಬರುತ್ತಾರೆ ಅಷ್ಟೇ. ಅಷ್ಟೇ ಮದ್ಯ ಕುಡಿದರೂ ಹೆಣ್ಣಿನ ರಕ್ತದಲ್ಲಿ ಅದರ ಪ್ರಮಾಣ ಗಂಡಸಿಗಿಂತ ಹೆಚ್ಚಿರುತ್ತದೆ, ಲಿವರ್ ಬೇಗ ಕೆಡುತ್ತದೆ. ಹಾಗಾಗಿ ಕಾಯಬೇಡಿ.

ಮೊದಲ ಮಾತು ಎದುರಾ ಎದುರು ಆಡಬೇಕೆಂದಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್, 14416, ಹಗಲು ರಾತ್ರಿ ಉಚಿತ. ಕನ್ನಡ ಆರಿಸಿಕೊಂಡರೆ ಸಮಾಲೋಚಕರು ಸಿಗುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಆಸ್ಪತ್ರೆಯಲ್ಲಿ ಓಪಿಡಿ ಚೀಟಿ ಮಾಡಿಸುವಾಗ ಕಾರಣ ಹೇಳಬೇಕಿಲ್ಲ, “ಮನೋವೈದ್ಯ ವಿಭಾಗ, ನಿದ್ದೆ ತೊಂದರೆ” ಎಂದರೆ ಸಾಕು. ಒಳಗೆ ವೈದ್ಯರೊಬ್ಬರೇ ಇದ್ದಾಗ ಪೂರ್ತಿ ಹೇಳಿ. ನಿಮ್ಮ ಅನುಮತಿಯಿಲ್ಲದೆ ಮನೆಯವರಿಗೆ ಹೇಳಬಾರದೆಂದು ಅವರಿಗೆ ಸ್ಪಷ್ಟಪಡಿಸಿ, ಅದು ನಿಮ್ಮ ಹಕ್ಕು.

ಒಂದು ಕೆಲಸ ಮಾತ್ರ ಮಾಡಬೇಡಿ: ಇವತ್ತೇ ಎರಡನ್ನೂ ಎಸೆದುಬಿಡುವುದು. ಅಲ್ಪ್ರಜೋಲಮ್, ಕ್ಲೊನಾಜೆಪಾಮ್‌ನಂಥ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿ ಒಮ್ಮೆಲೇ ಬಿಟ್ಟರೂ ಫಿಟ್ಸ್ ಬರುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಚೂರು ಚೂರೇ ಇಳಿಸಬೇಕು. ಅಲ್ಲಿಯವರೆಗೆ ಕುಡಿದ ರಾತ್ರಿ ಮಾತ್ರೆಯ ಪ್ರಮಾಣ ಏರಿಸಬೇಡಿ, ಉಸಿರಾಟಕ್ಕೆ ಅಪಾಯ. ಗರ್ಭಿಣಿಯಾಗಿದ್ದರೆ ಮೊದಲ ವಾಕ್ಯದಲ್ಲೇ ಅದನ್ನು ಹೇಳಿ, ಔಷಧಿಯ ಆಯ್ಕೆಯೇ ಬದಲಾಗುತ್ತದೆ.

ಪ್ರಶ್ನೆ: ಆರೋಗ್ಯ ವಿಮೆಯಲ್ಲಿ ಈ ಚಿಕಿತ್ಸೆಯ ಖರ್ಚು ಸಿಗುತ್ತದೆಯೇ?
— ಶಿವಮೊಗ್ಗದ ಓದುಗರು

ಉತ್ತರ: ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಆದರೂ ಮದ್ಯ, ಮಾದಕ ವಸ್ತುಗಳ ವ್ಯಸನಕ್ಕೆ ಮತ್ತು ಅದರ ಪರಿಣಾಮಗಳಿಗೆ ಖರ್ಚು ಕೊಡುವುದಿಲ್ಲ ಎಂಬ ಷರತ್ತನ್ನು ಪಾಲಿಸಿಗಳಲ್ಲಿ ಕಾಣುತ್ತೀರಿ. ನಿಮ್ಮ ಪಾಲಿಸಿ ಪುಸ್ತಕದಲ್ಲಿ ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿ ತೆಗೆದು, 12 ಎಂಬ ಸಂಕೇತ ಸಂಖ್ಯೆಯ ಷರತ್ತು ಓದಿ. ಅದು ಇದ್ದರೆ ಕ್ಲೇಮ್ ತಿರಸ್ಕೃತವಾಗುವ ಸಾಧ್ಯತೆಯೇ ಹೆಚ್ಚು. ಕಾರ್ಖಾನೆ ನೌಕರರಾಗಿದ್ದು ಇಎಸ್‌ಐ ಇದ್ದರೆ ಅಲ್ಲಿ ವಿಚಾರಿಸಿ. ಖಾಸಗಿ ಕೇಂದ್ರದವರು “ವಿಮೆ ಬರುತ್ತದೆ, ಈಗ ಮುಂಗಡ ಕಟ್ಟಿ” ಅಂದರೆ, ಕಟ್ಟುವ ಮೊದಲು ವಿಮಾ ಕಂಪನಿಯಿಂದಲೇ ಲಿಖಿತ ಒಪ್ಪಿಗೆ ತರಿಸಿಕೊಳ್ಳಿ.